ಕಾಲಲ್ಲಿ ತುಳಿದರೆ ಅಳುವ ತಂತಿ: ಪೆಡಲ್ ಸ್ಟೀಲ್ ಗಿಟಾರ್ ನಡೆದು ಬಂದ ದಾರಿ

ಗುಂಡಿ ಮಗ್ಗದ ಮುಂದೆ ಕೂತ ನೇಕಾರರನ್ನು ನೀವು ನೋಡಿರುತ್ತೀರಿ. ಇಳಕಲ್, ಗುಳೇದಗುಡ್ಡದ ಕಡೆಯವರಿಗಂತೂ ಹೇಳುವುದೇ ಬೇಡ. ಮೇಲೆ ಕೈ ಲಾಳಿ ಓಡಿಸುತ್ತಿರುತ್ತದೆ, ಕೆಳಗೆ ಗುಂಡಿಯಲ್ಲಿ ಕಾಲು ತುಳಿಹಲಗೆ ಒತ್ತುತ್ತಿರುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಕೈ ಮಾತ್ರ. ಆದರೆ ಯಾವ ಎಳೆ ಏಳಬೇಕು, ಯಾವ ಎಳೆ ಕೂರಬೇಕು ಅಂತ ತೀರ್ಮಾನಿಸುವುದು ಕಾಲು.

ಹೀಗೇ ಕಾಲಿನಿಂದ ಎಳೆ ಆಡಿಸುವ ಒಂದು ವಾದ್ಯವಿದೆ. ಅದರ ಹೆಸರು ಪೆಡಲ್ ಸ್ಟೀಲ್ ಗಿಟಾರ್. ಅಮೆರಿಕದ ಕಂಟ್ರಿ ಹಾಡುಗಳಲ್ಲಿ, ಗಾಯಕ ಸಾಲು ಮುಗಿಸಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ, ಹಿಂದಿನಿಂದ ಯಾರೋ ಬಿಕ್ಕಿದ ಹಾಗೆ ಒಂದು ದನಿ ಏಳುತ್ತದಲ್ಲ, ಅದೇ ಇದು. ಪಿಟೀಲಲ್ಲ, ಕೊಳಲಲ್ಲ, ನಾವು ತಿಳಿದುಕೊಂಡಿರುವ ಗಿಟಾರೂ ಅಲ್ಲ.

ನಾವು ಇದನ್ನು ಮೊದಲು ಕೇಳಿದ್ದು ಫೋನಿನಲ್ಲೇ. ಕೇಳಿದ ಮೇಲೆ ಎರಡು ಪ್ರಶ್ನೆ ಉಳಿದವು. ಈ ದನಿ ಹುಟ್ಟುವುದು ಹೇಗೆ? ಇದನ್ನು ನುಡಿಸಿದವರು ಯಾರು? ಮೊದಲನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಎರಡನೆಯದನ್ನು ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಮಿಕ್ಕಿದ ಕಥೆ ಬಿಚ್ಚಿಕೊಂಡಿತು. ಎರಡನ್ನೂ ಇಲ್ಲಿ ಹೇಳುತ್ತೇವೆ.

ದನ ಕಾಯಲು ಬಂದವರ ಗಿಟಾರು

ಕಥೆ ಶುರುವಾಗುವುದು ಅಮೆರಿಕದ ನೆಲದಲ್ಲಲ್ಲ, ಶಾಂತ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ. ಆಗ ಅದು ಸ್ವತಂತ್ರ ರಾಜ್ಯ. ತನ್ನದೇ ರಾಜ, ತನ್ನದೇ ಭಾಷೆ.

1793ರಲ್ಲಿ ಜಾರ್ಜ್ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ಅಲ್ಲಿನ ರಾಜನಿಗೆ ದನಗಳನ್ನು ಕಾಣಿಕೆ ಕೊಟ್ಟ. ಅವು ಕಾಡು ಸೇರಿ ಬೆಳೆದು ಬೇಲಿ ತೋಟ ನುಗ್ಗಿ ಹಾವಳಿ ಎಬ್ಬಿಸಿದವು. ಹಿಡಿದು ಪಳಗಿಸುವುದು ಅಲ್ಲಿಯವರಿಗೆ ತಿಳಿಯದು. 1830ರ ದಶಕದಲ್ಲಿ ಮೂರನೇ ಕಮೆಹಮೆಹಾ ರಾಜನ ಕಾಲಕ್ಕೆ ಮೆಕ್ಸಿಕೊ ಕಡೆಯಿಂದ ದನ ಪಳಗಿಸುವವರನ್ನು ಕರೆಸಿದರು. ಅವರು ಬರುವಾಗ ಹಗ್ಗ, ಜೀನಿನ ಜತೆ ಗಿಟಾರನ್ನೂ ತಂದರು.

ಹವಾಯಿಯವರು ಆ ಗಿಟಾರನ್ನು ತೆಗೆದುಕೊಂಡರು, ಆದರೆ ಶ್ರುತಿಯನ್ನು ತಮಗೆ ಬೇಕಾದ ಹಾಗೆ ಸಡಿಲಿಸಿಕೊಂಡರು. ಬೆರಳು ಒತ್ತದೆ ಎಲ್ಲ ತಂತಿಯನ್ನೂ ಒಮ್ಮೆಗೇ ಎಳೆದರೂ ಇಂಪಾದ ಸ್ವರಗುಚ್ಛ ಬರುವಂತೆ ಕಟ್ಟಿಕೊಂಡರು. ಮುಂದೆ ಬರುವುದಕ್ಕೆಲ್ಲ ಇದೇ ಬುನಾದಿ. ಎಲ್ಲ ತಂತಿಯೂ ಆಗಲೇ ಹೊಂದಿಕೊಂಡಿದ್ದರೆ, ಅಡ್ಡಲಾಗಿ ಒಂದು ಕಡ್ಡಿ ಇಟ್ಟು ಜಾರಿಸಿದರೂ ಸಾಕು, ಸ್ವರಗುಚ್ಛ ಕೆಡದೆ ಜಾರುತ್ತದೆ.

ಜೋಸೆಫ್ ಕೆಕುಕು ಎಂಬ ಹುಡುಗ

ಓಹಾಹು ದ್ವೀಪದ ಲಾಯಿಯೆ ಎಂಬ ಹಳ್ಳಿಯವನು ಜೋಸೆಫ್ ಕೆಕುಕು. 1889ರ ಸುಮಾರಿಗೆ, ಹದಿಹರೆಯದಲ್ಲಿ, ಗಿಟಾರ್ ತಂತಿಯ ಮೇಲೆ ಕಬ್ಬಿಣದ ತುಂಡು ಜಾರಿಸಿದರೆ ಬರುವ ದನಿ ಅವನ ಕಿವಿ ಹಿಡಿಯಿತು. ರೈಲು ಹಳಿಯ ಪಕ್ಕ ಸಿಕ್ಕ ಬೋಲ್ಟ್ ಒಂದರಿಂದ ಇದು ಶುರುವಾಯಿತು ಅಂತ ಹವಾಯಿಯಲ್ಲಿ ಕಥೆ ಹೇಳುತ್ತಾರೆ. ಹೊನೊಲುಲುವಿನ ಕಮೆಹಮೆಹಾ ಶಾಲೆಯಲ್ಲಿ ಓದುವಾಗ ಅಲ್ಲಿನ ವರ್ಕ್‌ಶಾಪಿನಲ್ಲಿ ನಯವಾದ ಉಕ್ಕಿನ ಕಡ್ಡಿ ಮಾಡಿಕೊಂಡ. ಕಡ್ಡಿ ಗಿಟಾರಿನ ಮೆಟ್ಟಿಲುಗಳಿಗೆ ತಾಗದಂತೆ ತಂತಿಗಳನ್ನು ಎತ್ತರಿಸಿದ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡ.

'ಸ್ಟೀಲ್ ಗಿಟಾರ್' ಎಂಬ ಹೆಸರು ಬಂದದ್ದು ಹೀಗೆ. ಗಿಟಾರು ಉಕ್ಕಿನದಲ್ಲ, ಕೈಯಲ್ಲಿ ಹಿಡಿದ ಕಡ್ಡಿ ಉಕ್ಕಿನದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೆಕುಕುವಿಗಿಂತ ಮೊದಲೇ, ಹಡಗಿನಲ್ಲಿ ಹವಾಯಿ ಸೇರಿದ ಗೇಬ್ರಿಯಲ್ ಡೇವಿಯನ್ ಎಂಬ ಭಾರತ ಮೂಲದ ಯುವಕ ಹೀಗೆ ತಂತಿಯ ಮೇಲೆ ಜಾರಿಸಿ ನುಡಿಸುತ್ತಿದ್ದ ಎಂಬ ಹೇಳಿಕೆಯೂ ಹವಾಯಿಯ ಸಂಗೀತ ಚರಿತ್ರೆಯಲ್ಲಿ ದಾಖಲಾಗಿದೆ. ಜೇಮ್ಸ್ ಹೋವಾ ಎಂಬ ಇನ್ನೊಬ್ಬನ ಹೆಸರೂ ಇದೆ. ಭಾರತದ ಹೆಸರು ಕಂಡ ಕೂಡಲೇ 'ಇದು ನಮ್ಮದೇ' ಅಂತ ಶೀರ್ಷಿಕೆ ಕೊಡುವ ಆಸೆ ನಮ್ಮ ವೃತ್ತಿಯವರಿಗೆ ಬರುತ್ತದೆ, ನಮಗೂ ಬಂತು. ಆದರೆ ತಂತಿಯ ಮೇಲೆ ಏನನ್ನೋ ಜಾರಿಸಿ ನೋಡುವುದು ಬೇರೆ, ಅದಕ್ಕೆ ತಕ್ಕ ಕಡ್ಡಿ ಮಾಡಿ, ವಾದ್ಯವನ್ನೇ ತಿದ್ದಿ, ವರ್ಷಗಟ್ಟಲೆ ಸಾಧನೆ ಮಾಡಿ ಇನ್ನೊಬ್ಬರಿಗೆ ಕಲಿಸುವುದು ಬೇರೆ. ಎರಡನೆಯದನ್ನು ಮಾಡಿದವನು ಕೆಕುಕು. ಆ ಗೌರವ ಅವನಿಗೇ ಇರಲಿ.

ರಾಜ್ಯ ಹೋಯಿತು, ರಾಗ ಮಾರಾಟವಾಯಿತು

ಕೆಕುಕು ಕಡ್ಡಿ ಜಾರಿಸಲು ಕಲಿಯುತ್ತಿದ್ದ ಅದೇ ವರ್ಷಗಳಲ್ಲಿ ಅವನ ದೇಶ ಕೈ ಜಾರುತ್ತಿತ್ತು. 1893ರ ಜನವರಿಯಲ್ಲಿ ಸಕ್ಕರೆ ತೋಟದ ಮಾಲೀಕರು, ವ್ಯಾಪಾರಿಗಳು ಸೇರಿ, ಅಮೆರಿಕದ ನೌಕಾಪಡೆಯ ಬೆಂಬಲದೊಂದಿಗೆ, ರಾಣಿ ಲಿಲಿಯುಒಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಬೋಧನಾ ಭಾಷೆ ಎಂಬ ಕಾನೂನು ಬಂತು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿಹೋಯಿತು.

ಮಕ್ಕಳ ಬಾಯಿಂದ ಭಾಷೆ ಮರೆಯಾಗುತ್ತಿದ್ದಾಗ, ಅವರ ದನಿ ಮಾತ್ರ ಹಡಗು ಹತ್ತಿ ಹೋಯಿತು. ಕೆಕುಕು 1904ರಲ್ಲಿ ಊರು ಬಿಟ್ಟು ಅಮೆರಿಕದ ಮುಖ್ಯ ಭೂಭಾಗಕ್ಕೆ ಹೋದ. ಊರೂರು ಸುತ್ತಿ ನುಡಿಸಿದ, ಕಲಿಸಿದ. 1912ರಲ್ಲಿ ನ್ಯೂಯಾರ್ಕಿನಲ್ಲಿ 'ದಿ ಬರ್ಡ್ ಆಫ್ ಪ್ಯಾರಡೈಸ್' ಎಂಬ ಹವಾಯಿ ಕಥೆಯ ನಾಟಕ ಬಂತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದು, ಹವಾಯಿ ಮಂಟಪದ ಸಂಗೀತಕ್ಕೆ ಜನ ಮುಗಿಬಿದ್ದರು. ಮಾರನೇ ವರ್ಷದ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಗ್ರಾಮೊಫೋನ್ ತಟ್ಟೆಗಳ ಸಾಲಿನಲ್ಲಿ ಹವಾಯಿ ಸಂಗೀತದವು ಸೇರಿದ್ದವು.

ಕೊಳ್ಳುವವರಿಗೆ ಬೇಕಾಗಿದ್ದದ್ದು ತೆಂಗಿನ ಮರ, ಬೆಳದಿಂಗಳು, ಹುಲಾ ಕುಣಿತ. ಹಾಡಿನ ಮಾತು ಇಂಗ್ಲಿಷಿಗೆ ತಿರುಗಿತು. ರಾಣಿಯ ಸುದ್ದಿ ಯಾರಿಗೂ ಬೇಕಿರಲಿಲ್ಲ. ಆ ತಂತಿಯ ಅಳುವನ್ನು ಜನ ರಜೆಯ ಮಜಾ ಅಂದುಕೊಂಡು ಕೇಳಿದರು.

ಕೆಕುಕು 1932ರಲ್ಲಿ ನ್ಯೂಜರ್ಸಿಯಲ್ಲಿ ತೀರಿಕೊಂಡ. ಲಾಯಿಯೆಯಿಂದ ಒಂದು ಸಾಗರ, ಒಂದು ಖಂಡ ದಾಟಿದ ಜಾಗ ಅದು.

ದನಿ ಸಾಲದೆ ಕರೆಂಟು ಬಂತು

ಹವಾಯಿ ಕಲಾವಿದರ ಕೈಯಿಂದ ಈ ವಾದ್ಯ ಅಮೆರಿಕದ ಹಳ್ಳಿಗರ ಕೈಗೆ ದಾಟಿತು. ಕಂಟ್ರಿ ಸಂಗೀತದ ಮೂಲಪುರುಷ ಅನ್ನಿಸಿಕೊಂಡ ಜಿಮ್ಮಿ ರಾಜರ್ಸ್ 1929ರಲ್ಲಿ ಧ್ವನಿಮುದ್ರಿಸಿದಾಗ ಪಕ್ಕದಲ್ಲಿ ಕೂತು ಸ್ಟೀಲ್ ನುಡಿಸಿದವನು ಜೋ ಕೈಪೊ ಎಂಬ ಹವಾಯಿಯವನು. ಊರು ಬಿಟ್ಟು ಕಾರ್ಖಾನೆಗೆ ಹೋದವರ, ಮನೆ ಮುರಿದುಕೊಂಡವರ, ಕುಡಿದು ಕೆಟ್ಟವರ ಹಾಡುಗಳು ಇವು. ಅಳುವ ತಂತಿ ಇವಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ತೊಂದರೆ ಇದ್ದದ್ದು ಸದ್ದಿನಲ್ಲಿ. ಮರದ ಗಿಟಾರಿನ ದನಿ ಡ್ರಮ್ಮು, ಕಹಳೆಗಳ ನಡುವೆ ಕೇಳುತ್ತಿರಲಿಲ್ಲ. ಮೊದಲು ಲೋಹದ ತಟ್ಟೆ ಕೂರಿಸಿದ ಗಿಟಾರು ಮಾಡಿದರು. ಆಮೇಲೆ 1932ರಲ್ಲಿ ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅವರ ಕಂಪನಿ ಅಲ್ಯೂಮಿನಿಯಂ ಎರಕದ, ಕರೆಂಟಿನಿಂದ ನಡೆಯುವ ಸ್ಟೀಲ್ ಗಿಟಾರ್ ಮಾರುಕಟ್ಟೆಗೆ ತಂದಿತು. ದುಂಡನೆ ತಲೆ, ಉದ್ದ ಹಿಡಿ. ಜನ ಅದಕ್ಕಿಟ್ಟ ಅಡ್ಡಹೆಸರು 'ಹುರಿಯುವ ಬಾಣಲೆ'.

ಒಂದು ಕ್ಷಣ ಇಲ್ಲಿ ನಿಲ್ಲಿ. ಇವತ್ತು ಊರ ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಹುಡುಗರು ಕೊರಳಿಗೆ ಹಾಕಿಕೊಂಡು ಕುಣಿಯುವ ಎಲೆಕ್ಟ್ರಿಕ್ ಗಿಟಾರಿನ ಹಿರಿಯಣ್ಣ ಈ ಬಾಣಲೆ. ಕಾರ್ಖಾನೆಯಲ್ಲಿ ತಯಾರಾಗಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರು ಹವಾಯಿ ಬಗೆಯಲ್ಲಿ ತೊಡೆಯ ಮೇಲೆ ಮಲಗಿಸಿ ನುಡಿಸುವಂಥದ್ದು.

ಅದರ ಗುಟ್ಟು ಸರಳ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿ. ತಂತಿ ನಡುಗಿದರೆ ಸುರುಳಿಯಲ್ಲಿ ಅದೇ ನಡುಕದ ಕರೆಂಟು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ದನಿ ಹುಟ್ಟಲು ಮರದ ಡೊಳ್ಳು ಹೊಟ್ಟೆಯೇ ಬೇಡ ಅಂತಾದ ಮೇಲೆ, ವಾದ್ಯ ತೊಡೆಯಿಂದಿಳಿದು ನಾಲ್ಕು ಕಾಲಿನ ಮೇಜಿನಂತಾಗಲು ಅಡ್ಡಿ ಇರಲಿಲ್ಲ.

ಒಂದು ಕಡ್ಡಿಯ ಕಷ್ಟ

ಕಡ್ಡಿಯಿಂದ ನುಡಿಸುವುದರಲ್ಲಿ ಒಂದು ದೊಡ್ಡ ಮಿತಿ ಇದೆ. ಕಡ್ಡಿ ನೇರವಾಗಿದೆ. ಅದು ಸರಿದರೆ ಎಲ್ಲ ತಂತಿಯೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಸರಿಯುತ್ತವೆ. ಒಬ್ಬರು ನಿಂತಲ್ಲೇ ನಿಂತು ಇನ್ನೊಬ್ಬರು ಮಾತ್ರ ಹೆಜ್ಜೆ ಇಡುವಂತಿಲ್ಲ.

ಭಜನೆ ಹಾರ್ಮೋನಿಯಂ ಗೊತ್ತಿದ್ದವರಿಗೆ ಇದು ಬೇಗ ತಿಳಿಯುತ್ತದೆ. ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಅದು ಒಂದು ಸ್ವರಗುಚ್ಛ. ಪಾಶ್ಚಾತ್ಯರ ಹಾಡಿನಲ್ಲಿ ಇಲ್ಲಿಂದ ಮ, ಧ, ಸ ಎಂಬ ಇನ್ನೊಂದು ಗುಚ್ಛಕ್ಕೆ ಹೋಗುವುದು ಮಾಮೂಲು. ಕಡ್ಡಿ ಹಿಡಿದವನು ಮೂರೂ ಸ್ವರಗಳನ್ನು ಮಂದೆಯಂತೆ ಮೇಲಕ್ಕೆ ಓಡಿಸಬೇಕು. ಹಾರ್ಮೋನಿಯಂನವನು ಹಾಗೆ ಮಾಡುವುದಿಲ್ಲ. ಸ ಮೇಲಿನ ಬೆರಳನ್ನು ಹಾಗೇ ಇಟ್ಟು, ಗ ಇದ್ದದ್ದನ್ನು ಮ ಮಾಡುತ್ತಾನೆ, ಪ ಇದ್ದದ್ದನ್ನು ಧ ಮಾಡುತ್ತಾನೆ. ಅದೇ ಮೂರು ಸ್ವರ, ಆದರೆ ಒಂದು ಕದಲಲಿಲ್ಲ, ಎರಡು ಮಾತ್ರ ಪಕ್ಕಕ್ಕೆ ಸರಿದವು.

ಸ್ಟೀಲ್ ನುಡಿಸುವವರು ಈ ಕಷ್ಟಕ್ಕೆ ಹಲವು ದಾರಿ ಹುಡುಕಿದರು. ಕಡ್ಡಿಯನ್ನು ಓರೆ ಹಿಡಿದು ಒಂದು ತಂತಿಗೆ ಒಂದಳತೆ, ಇನ್ನೊಂದಕ್ಕೆ ಇನ್ನೊಂದಳತೆ ಕೊಟ್ಟರು. ಸೋಲ್ ಹೋಓಪಿಯಿಯಂಥ ಹವಾಯಿ ವಾದಕರು ಹೊಸ ಹೊಸ ಶ್ರುತಿ ಕಟ್ಟಿದರು. ಕೆಲವರು ಒಂದೇ ಮೇಜಿನ ಮೇಲೆ ಎರಡು, ಮೂರು, ನಾಲ್ಕು ಗಿಟಾರು ಕೂರಿಸಿ, ಒಂದೊಂದಕ್ಕೂ ಬೇರೆ ಶ್ರುತಿ ಮಾಡಿ, ಹಾಡಿನ ನಡುವೆ ಒಂದರಿಂದ ಇನ್ನೊಂದಕ್ಕೆ ನೆಗೆದರು.

ಕೊನೆಗೆ ಕೆಲವರಿಗೆ ಹೊಳೆಯಿತು: ಎರಡೂ ಕೈ ತುಂಬಿವೆ, ಕಾಲು ಸುಮ್ಮನೆ ಕೂತಿದೆಯಲ್ಲ!

1954: ಒಂದು ಹಾಡು, ಒಂದು ತುಳಿತ

1940ರ ಸುಮಾರಿಗೆ ಗಿಬ್ಸನ್ ಕಂಪನಿ 'ಎಲೆಕ್ಟ್ರಾಹಾರ್ಪ್' ಎಂಬ ಪೆಡಲ್ ಇರುವ ವಾದ್ಯ ತಂದಿತು. 1948ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್ಬಿ, ಸ್ಪೀಡಿ ವೆಸ್ಟ್ ಎಂಬ ವಾದಕನಿಗೆ ಒಂದನ್ನು ಮಾಡಿಕೊಟ್ಟ. ಬಿಗ್ಸ್ಬಿ ಮೋಟಾರ್ ಸೈಕಲ್ ಓಡಿಸಿದವನು, ಅದರ ಬಿಡಿಭಾಗ ಮಾಡಿದವನು. ಕೀಲು, ಸರಳು, ಸ್ಪ್ರಿಂಗುಗಳ ಭಾಷೆ ಅವನಿಗೆ ಗೊತ್ತಿತ್ತು.

ಆದರೂ ಆಗಿನವರು ಪೆಡಲನ್ನು ಬಳಸಿದ್ದು ಶ್ರುತಿ ಬದಲಾಯಿಸಲು ಮಾತ್ರ. ಮೊದಲು ತುಳಿಯುವುದು, ಆಮೇಲೆ ಮೀಟುವುದು. ತುಳಿಯುವಾಗ ತಂತಿ ಮೌನವಾಗಿರುತ್ತಿತ್ತು. ಗೇರ್ ಹಾಕುವಾಗ ಎಂಜಿನ್ ಸದ್ದು ಕೇಳಬಾರದು ಅನ್ನುವ ಹಾಗೆ, ಆ ಬದಲಾವಣೆ ಕಿವಿಗೆ ಬೀಳಬಾರದು ಅಂತ ಎಚ್ಚರ ವಹಿಸುತ್ತಿದ್ದರು.

1953ರ ಕೊನೆಯಲ್ಲಿ ನ್ಯಾಶ್‌ವಿಲ್‌ನಲ್ಲಿ ವೆಬ್ ಪಿಯರ್ಸ್ ಎಂಬ ಗಾಯಕ 'ಸ್ಲೋಲಿ' ಎಂಬ ಹಾಡನ್ನು ಮುದ್ರಿಸಿದ. ಸ್ಟೀಲ್ ಮೇಲೆ ಕೂತಿದ್ದವನು ಬಡ್ ಐಸಾಕ್ಸ್, ಇಪ್ಪತ್ತೈದರ ಹುಡುಗ. ಮುಂದಿದ್ದದ್ದು ಬಿಗ್ಸ್ಬಿ ಮಾಡಿಕೊಟ್ಟ ವಾದ್ಯ. ಅವನು ಹಳೆಯ ಎಚ್ಚರಿಕೆ ಬಿಟ್ಟ. ಮೊದಲು ಮೀಟಿದ, ತಂತಿ ನುಡಿಯುತ್ತಿರುವಾಗಲೇ ತುಳಿದ. ಒಂದು ಸ್ವರ ಅಲ್ಲೇ ನಿಂತಿತು, ಪಕ್ಕದವು ಅದರ ಮೈಗೆ ಒರಗಿಕೊಂಡೇ ಮೇಲೆದ್ದವು.

1954ರಲ್ಲಿ ಆ ಹಾಡು ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ 17 ವಾರ ಮೊದಲ ಸ್ಥಾನದಲ್ಲಿತ್ತು. ರೇಡಿಯೋದಲ್ಲಿ ಕೇಳಿದ ಇತರ ವಾದಕರು ಕಡ್ಡಿ ಓರೆ ಮಾಡಿ ನೋಡಿದರು, ಆ ದನಿ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಎಷ್ಟೋ ಜನ ತಮ್ಮ ಗಿಟಾರಿಗೆ ಮನೆಯಲ್ಲೇ ಪೆಡಲ್ ಕಟ್ಟಿಕೊಳ್ಳಲು ಹೊರಟರು.

ಆಮೇಲೆ ಬಂದವನು ಬಡ್ಡಿ ಎಮನ್ಸ್, 1937ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದವನು. ಒಂದೇ ಪೆಡಲ್ ಎರಡು ಸ್ವರವನ್ನೂ ಏರಿಸುತ್ತಿದ್ದದ್ದನ್ನು ಅವನು ಎರಡು ಪೆಡಲಿಗೆ ಹಂಚಿದ. ಬೇಕೆಂದರೆ ಒಂದನ್ನೇ ತುಳಿಯಬಹುದು, ಬೇಕೆಂದರೆ ಎರಡನ್ನೂ, ಬೇಕೆಂದರೆ ಒಂದಾದ ಮೇಲೊಂದು. ಶಾಟ್ ಜಾಕ್ಸನ್ ಜತೆ ಸೇರಿ ಶೋ-ಬಡ್ ಎಂಬ ಕಂಪನಿ ಕಟ್ಟಿದ, ಆಮೇಲೆ 1963ರಲ್ಲಿ ತನ್ನದೇ ಹೆಸರಿನ ಕಂಪನಿ ಶುರುವಾಯಿತು. ಪೆಡಲ್‌ಗಳನ್ನು ಅವನು ಜೋಡಿಸಿದ ಕ್ರಮವನ್ನು ಇಂದಿಗೂ 'ಎಮನ್ಸ್ ಕ್ರಮ' ಅನ್ನುತ್ತಾರೆ.

ಮೇಜಿನ ಕೆಳಗೆ ಏನಿದೆ

ಈಗ ವಾದ್ಯವನ್ನು ಬಗ್ಗಿ ನೋಡೋಣ.

ಮೇಲೆ ಗಟ್ಟಿ ಮರದ ಉದ್ದನೆಯ ದೇಹ, ಸಾಮಾನ್ಯವಾಗಿ ಮೇಪಲ್ ಮರದ್ದು. ಹತ್ತು ತಂತಿ, ನುಡಿಯುವ ಉದ್ದ ಸುಮಾರು 24 ಇಂಚು. ಗಿಟಾರಿನಲ್ಲಿರುವ ಲೋಹದ ಮೆಟ್ಟಿಲು ಇಲ್ಲಿಲ್ಲ, ಬರೀ ಗೆರೆ ಎಳೆದಿರುತ್ತಾರೆ. ಗೆರೆ ದಾರಿ ತೋರಿಸುತ್ತದೆ ಅಷ್ಟೇ, ಸ್ವರ ಸರಿಯಾಯಿತೋ ಇಲ್ಲವೋ ಹೇಳಬೇಕಾದದ್ದು ಕಿವಿ.

ತಂತಿಯ ಸ್ವರ ಏರಿಸಲು ಎರಡು ದಾರಿ: ಉದ್ದ ಕಡಿಮೆ ಮಾಡುವುದು, ಇಲ್ಲವೇ ಬಿಗಿ ಹೆಚ್ಚಿಸುವುದು. ಕಡ್ಡಿ ಮಾಡುವುದು ಮೊದಲನೆಯದನ್ನು, ಪೆಡಲ್ ಮಾಡುವುದು ಎರಡನೆಯದನ್ನು.

ವಾದಕನ ಬಲಗೈ ತುದಿಯಲ್ಲಿ ಪ್ರತಿ ತಂತಿಯೂ ಒಂದು ಪುಟ್ಟ ಲೋಹದ ಬೆರಳಿನ ಮೇಲೆ ಹಾದು ಅದಕ್ಕೇ ಸಿಕ್ಕಿಕೊಂಡಿರುತ್ತದೆ. ಆ ಬೆರಳು ಅಚ್ಚಿನ ಮೇಲೆ ತಿರುಗಬಲ್ಲದು. ಪೆಡಲ್ ತುಳಿದರೆ ನಿಂತ ಸರಳು ಕೆಳಗೆ ಎಳೆಯುತ್ತದೆ, ಅದು ಮೇಜಿನ ಅಡಿಯ ಅಡ್ಡ ಅಚ್ಚನ್ನು ತಿರುಗಿಸುತ್ತದೆ, ಅಚ್ಚು ಮಲಗಿದ ಸರಳನ್ನು ಎಳೆಯುತ್ತದೆ, ಆ ಸರಳು ಲೋಹದ ಬೆರಳನ್ನು ಬಾಗಿಸುತ್ತದೆ. ತಂತಿ ಬಿಗಿಯಾಗುತ್ತದೆ. ಕಾಲು ತೆಗೆದರೆ ತಂತಿಯ ಎಳೆತ, ಸ್ಪ್ರಿಂಗು ಸೇರಿ ಬೆರಳನ್ನು ಮೊದಲಿನ ಜಾಗಕ್ಕೆ ತಂದು ನಿಲ್ಲಿಸುತ್ತವೆ. ಎಲ್ಲಿ ನಿಲ್ಲಬೇಕು ಎಂಬುದನ್ನು ತಿರುಪು ತಿರುಗಿಸಿ ಮೊದಲೇ ನಿಗದಿ ಮಾಡಿರುತ್ತಾರೆ. ಬೈಕಿನ ಬ್ರೇಕ್ ಪೆಡಲ್ ತುಳಿದರೆ ಹಿಂದಿನ ಚಕ್ರದಲ್ಲಿ ಸರಳು ಎಳೆಯುವ ಹಾಗೇ ಇದೂ.

ಹೆಚ್ಚು ಬಳಕೆಯಲ್ಲಿರುವ ಶ್ರುತಿಗೆ 'ಇ9' ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದರ ಮುಖ್ಯ ತಂತಿಗಳು ಸ, ಗ, ಪ. ಮೊದಲ ಪೆಡಲ್ ಪ ತಂತಿಗಳನ್ನು ಧ ಮಾಡುತ್ತದೆ. ಎರಡನೆಯದು ಗ ತಂತಿಗಳನ್ನು ಮ ಮಾಡುತ್ತದೆ. ಎರಡನ್ನೂ ಒಟ್ಟಿಗೆ ತುಳಿದರೆ ಸಗಪ ಹೋಗಿ ಸಮಧ ಆಯಿತು. ಆಗ ಹಾರ್ಮೋನಿಯಂನವನು ಬೆರಳಿನಲ್ಲಿ ಮಾಡಿದ್ದನ್ನೇ ಇಲ್ಲಿ ಪಾದ ಮಾಡಿತು. ಒಂದೇ ವ್ಯತ್ಯಾಸ, ಹಾರ್ಮೋನಿಯಂನಲ್ಲಿ ಸ್ವರ ಹಾರುತ್ತದೆ, ಇಲ್ಲಿ ಜಾರುತ್ತದೆ.

ಪದಿಂದ ಧಕ್ಕೆ ಏರಲು ತಂತಿಯ ಬಿಗಿತ ಸುಮಾರು ಕಾಲು ಭಾಗ ಹೆಚ್ಚಬೇಕು. ಸಾವಿರಾರು ಸಲ ಹೀಗೆ ಎಳೆಸಿಕೊಂಡು ತಂತಿ ದಣಿಯುತ್ತದೆ. ತೆಳ್ಳನೆಯ ಮೂರನೇ ತಂತಿ ತುಂಡಾಗುವುದು ವಾದಕರಿಗೆ ಮಾಮೂಲು. ಪೆಡಲ್ ತುಳಿದಾಗ ಇಡೀ ದೇಹವೂ ಕೂದಲೆಳೆಯಷ್ಟು ಬಾಗುವುದರಿಂದ ಉಳಿದ ತಂತಿಗಳು ಸ್ವಲ್ಪ ಇಳಿಯುತ್ತವೆ. ಒಳ್ಳೆಯ ವಾದ್ಯ ಕಟ್ಟುವವರ ಹೋರಾಟವೆಲ್ಲ ಈ ಕೂದಲೆಳೆಯ ಜತೆ.

ಟ್ರ್ಯಾಕ್ಟರ್ ಓಡಿಸಿದ ಹಾಗೆ

ನುಡಿಸುವವರ ಕೈಕಾಲು ಏನೇನು ಮಾಡುತ್ತವೆ ಅಂತ ಲೆಕ್ಕ ಹಾಕಿ.

ಎಡಗೈಯಲ್ಲಿ ಉಕ್ಕಿನ ಕಡ್ಡಿ. ಅದನ್ನು ಸರಿಸುತ್ತಾ, ಸಣ್ಣಗೆ ನಡುಗಿಸುತ್ತಾ, ಹಿಂದಿನ ಬೆರಳುಗಳಿಂದ ಬೇಡದ ಸದ್ದನ್ನು ಒತ್ತಿ ಹಿಡಿಯಬೇಕು. ಬಲಗೈ ಹೆಬ್ಬೆರಳಿಗೂ ಎರಡು ಬೆರಳಿಗೂ ಉಗುರಿನಂಥ ಮೀಟುಗಳು. ಮೀಟುವುದಷ್ಟೇ ಅಲ್ಲ, ಅಂಗೈ ಅಂಚಿನಿಂದ ಹಿಂದಿನ ಸ್ವರವನ್ನು ಅಳಿಸಬೇಕು, ಇಲ್ಲದಿದ್ದರೆ ಎಲ್ಲವೂ ಒಂದಕ್ಕೊಂದು ಹತ್ತಿ ಕೆಸರಾಗುತ್ತದೆ. ಎಡಗಾಲು ಮೂರೋ ನಾಲ್ಕೋ ಪೆಡಲ್ ಮೇಲೆ. ಎರಡೂ ಮೊಣಕಾಲಿನ ಪಕ್ಕದಲ್ಲಿ ತೂಗುವ ಸನ್ನೆಗೋಲುಗಳು, ಮೊಣಕಾಲನ್ನು ಆಚೆ ಈಚೆ ಒತ್ತಿದರೆ ಇನ್ನೂ ಕೆಲವು ತಂತಿ ಏರಿಳಿಯುತ್ತವೆ.

ಉಳಿದದ್ದು ಬಲಗಾಲು. ಅದರ ಕೆಳಗೆ ದನಿಯ ಪೆಡಲ್, ಟ್ರ್ಯಾಕ್ಟರಿನ ಆಕ್ಸಿಲರೇಟರ್ ಇದ್ದ ಹಾಗೆ. ಮೀಟಿದ ತಂತಿ ಮೊದಲು ಜೋರಾಗಿ ನುಡಿದು ಮೆಲ್ಲಗೆ ಕ್ಷೀಣಿಸುತ್ತದೆ. ವಾದಕ ಮೊದಲು ದನಿಯನ್ನು ತಡೆದಿಟ್ಟು, ತಂತಿ ಸೋಲುತ್ತಾ ಬಂದ ಹಾಗೆ ಪೆಡಲ್ ಒತ್ತುತ್ತಾ ಹೋಗುತ್ತಾನೆ. ಸ್ವರ ಸಾಯದೆ ಉಸಿರು ಹಿಡಿದು ನಿಲ್ಲುತ್ತದೆ. ಮೀಟಿದ ಪೆಟ್ಟು ಕೇಳದೆ, ಹಾಡುವವರ ಕೊರಳಿನಂತೆ ಎಲ್ಲಿಂದಲೋ ಶುರುವಾಗಿ ಎಲ್ಲೋ ಮುಗಿಯುತ್ತದೆ.

ಅಳು ಅನ್ನಿಸುವುದು ಇದಕ್ಕೇ. ನಾವು ಅಳುವಾಗ ದನಿ ಮೆಟ್ಟಿಲು ಹತ್ತುವುದಿಲ್ಲ, ಜಾರುತ್ತದೆ. ಪೆಡಲ್ ಸ್ಟೀಲಿನಲ್ಲಿ ಒಂದು ಸ್ವರ ಗಟ್ಟಿಯಾಗಿ ನಿಂತಿರುವಾಗ ಪಕ್ಕದ್ದು ಕುಸಿಯುತ್ತದೆ ಅಥವಾ ಏಳುತ್ತದೆ. ಮನೆಯಲ್ಲಿ ಒಬ್ಬರು ಧೈರ್ಯವಾಗಿ ನಿಂತಿದ್ದು ಇನ್ನೊಬ್ಬರು ಅವರ ಹೆಗಲ ಮೇಲೆ ಕುಸಿದ ಹಾಗೆ.

ನಮ್ಮ ಕಡೆ ಪೆಡಲ್ ಏಕೆ ಬರಲಿಲ್ಲ

ಹವಾಯಿ ಗಿಟಾರು ಭಾರತಕ್ಕೂ ಬಂತು. ಟಾವ್ ಮೋ ಎಂಬ ಹವಾಯಿ ಕಲಾವಿದನ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸಿತು, ಕಲಿಸಿತು. ಬಂಗಾಳದ ಮನೆಮನೆಯಲ್ಲಿ ರವೀಂದ್ರ ಸಂಗೀತ ಈ ಗಿಟಾರಿನಲ್ಲಿ ಕೇಳಿಬಂತು. ವ್ಯಾನ್ ಶಿಪ್ಲೆ, ಹಜಾರಾ ಸಿಂಗ್ ಅವರು ಹಿಂದಿ ಸಿನಿಮಾ ಹಾಡುಗಳನ್ನು ಇದರಲ್ಲಿ ನುಡಿಸಿ ರೆಕಾರ್ಡು ಮಾಡಿದರು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲೇ ಹಿಂದೂಸ್ತಾನಿ ರಾಗ ನುಡಿಸಿದರು. 1967ರ 'ಕಾಲ್ ಆಫ್ ದಿ ವ್ಯಾಲಿ' ಧ್ವನಿಮುದ್ರಣದಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ ಅವರ ಜತೆ ಇರುವುದು ಕಾಬ್ರಾ ಅವರ ಗಿಟಾರು. ವಿಶ್ವಮೋಹನ ಭಟ್ ಅದಕ್ಕೆ ತರಬಿನ ತಂತಿ ಸೇರಿಸಿ ಮೋಹನವೀಣೆ ಮಾಡಿದರು, ರೈ ಕೂಡರ್ ಜತೆಗಿನ ಧ್ವನಿಮುದ್ರಣಕ್ಕೆ 1994ರಲ್ಲಿ ಗ್ರ್ಯಾಮಿ ಪಡೆದರು.

ಇವರಾರೂ ಪೆಡಲ್ ಕಟ್ಟಿಕೊಳ್ಳಲಿಲ್ಲ. ಅದು ಬಡತನದಿಂದಲ್ಲ, ಅಗತ್ಯವಿಲ್ಲದ್ದರಿಂದ. ನಮ್ಮ ರಾಗದಲ್ಲಿ ಸ್ವರಗುಚ್ಛ ಬದಲಾಯಿಸುವ ಕೆಲಸವಿಲ್ಲ. ಷಡ್ಜ ಹಿಂದೆ ನಿಂತಿರುತ್ತದೆ, ಒಂದು ಎಳೆ ಅದರ ಸುತ್ತ ನಡೆಯುತ್ತದೆ. ಅದಕ್ಕೆ ಒಂದು ಕಡ್ಡಿ ಸಾಕು. ಕರ್ನಾಟಕ ಸಂಗೀತದ ಗೋಟುವಾದ್ಯದಲ್ಲಿ ಮೆಟ್ಟಿಲಿಲ್ಲದ ವೀಣೆಯ ಮೇಲೆ ಮರದ ತುಂಡು ಜಾರಿಸಿ ಗಮಕ ತೆಗೆಯುವುದೂ ಇದೇ ಹಾದಿಯಲ್ಲಿ. ಅಮೆರಿಕದವರಿಗೆ ಜಾರುವ ಎಳೆಯ ಜತೆಗೆ ಬದಲಾಗುವ ಗುಚ್ಛವೂ ಬೇಕಿತ್ತು. ಅದಕ್ಕೆ ಕಾಲು ಬೇಕಾಯಿತು.

ಹೆಸರಿಲ್ಲದವರ ವಾದ್ಯ

ಇನ್ನು ನಮ್ಮ ಎರಡನೇ ಪ್ರಶ್ನೆ. ನುಡಿಸಿದವರು ಯಾರು?

ನ್ಯಾಶ್‌ವಿಲ್‌ನಲ್ಲಿ ವಾದಕರಿಗೆ ಮೂರು ಗಂಟೆಯ ಪಾಳಿ ಲೆಕ್ಕದಲ್ಲಿ ಕೂಲಿ. ಒಂದು ಪಾಳಿಯಲ್ಲಿ ಮೂರು ನಾಲ್ಕು ಹಾಡು ಮುಗಿಸಬೇಕು. ಹಾಡು ಗೆದ್ದರೆ ಹೆಸರು ಗಾಯಕನದು. ರೆಕಾರ್ಡಿನ ಮೇಲೆ ಸ್ಟೀಲ್ ನುಡಿಸಿದವನ ಹೆಸರು ಹೆಚ್ಚಾಗಿ ಇರುತ್ತಿರಲಿಲ್ಲ. ಪೀಟ್ ಡ್ರೇಕ್ ಎಂಬವನು ಬಾಬ್ ಡಿಲನ್ ಹಾಡಿಗೂ, 1970ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಹಾಡಿಗೂ ಸ್ಟೀಲ್ ನುಡಿಸಿದ. ಡಿಲನ್, ಹ್ಯಾರಿಸನ್ ಲೋಕಕ್ಕೇ ಗೊತ್ತು. ಡ್ರೇಕ್ ಗೊತ್ತಿರುವವರು ಎಷ್ಟು ಜನ?

ಪೆಡಲ್ ಸ್ಟೀಲ್ ಅಂದರೆ ಬಿಳಿಯರ ಕಂಟ್ರಿ ವಾದ್ಯ ಎಂದೇ ಬಹಳ ಕಾಲ ಮಾತಿತ್ತು. ಆದರೆ 1930ರ ದಶಕದಿಂದಲೇ ಹೌಸ್ ಆಫ್ ಗಾಡ್ ಎಂಬ ಕಪ್ಪು ಜನರ ಚರ್ಚುಗಳಲ್ಲಿ ಆರ್ಗನ್ ಬದಲಿಗೆ ಸ್ಟೀಲ್ ಗಿಟಾರ್ ಮೊಳಗುತ್ತಿತ್ತು. ವಿಲ್ಲಿ ಈಸನ್ ಅದನ್ನು ಬೋಧನೆಯ ಜತೆ ಮಾತಾಡುವಂತೆ ನುಡಿಸುತ್ತಿದ್ದ. ಮುಂದೆ ಅಲ್ಲಿಗೂ ಪೆಡಲ್ ಬಂತು. ಹೊರಗಿನವರು ಅದನ್ನು ಕಿವಿಗೊಟ್ಟು ಕೇಳಿದ್ದು 1990ರ ದಶಕದಲ್ಲಿ, ಅಂದರೆ ಸುಮಾರು ಅರವತ್ತು ವರ್ಷದ ಮೇಲೆ. ಅತ್ತ ನೈಜೀರಿಯಾದಲ್ಲಿ ಕಿಂಗ್ ಸನ್ನಿ ಅಡೆ ತಂಡದ ಡೆಮೊಲಾ ಅಡೆಪೋಜು ಇದೇ ವಾದ್ಯವನ್ನು ಮಾತಾಡುವ ಡೋಲುಗಳ ನಡುವೆ ನುಡಿಸಿದ. ಅಲ್ಲಿ ಅದು ಅಳುವುದಿಲ್ಲ, ಕುಣಿಯುತ್ತದೆ.

ಈ ಹೆಸರುಗಳನ್ನು ಬರೆಯುವಾಗ ನಮಗೆ ನಮ್ಮದೇ ಕೆಲಸ ನೆನಪಾಗುತ್ತಿತ್ತು. ತಾಲ್ಲೂಕಿನಿಂದ ನಾವು ಕಳಿಸುವ ಸುದ್ದಿ ಊರಿನ ಹೆಸರಿನೊಂದಿಗೆ ಅಚ್ಚಾಗುತ್ತದೆ, ಬರೆದವರ ಹೆಸರು ಇರುವುದಿಲ್ಲ. ಅದೇನೂ ದೊಡ್ಡ ನೋವಲ್ಲ, ಅಭ್ಯಾಸವಾಗಿದೆ. ಆದರೆ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಮುಂದೆ ಕೂತು, ಕಾಲಲ್ಲಿ ತಿದಿ ಒತ್ತುತ್ತಾ ರಾತ್ರಿಯಿಡೀ ಪಾತ್ರಧಾರಿಗಳ ಹಾಡನ್ನು ಎತ್ತಿ ಹಿಡಿದ ಮಾಸ್ತರರ ಹೆಸರು ನಮ್ಮಲ್ಲೇ ಎಷ್ಟು ಜನರಿಗೆ ನೆನಪಿದೆ? ಕೆಕುಕುವನ್ನು ಹವಾಯಿಯವರು ಹುಡುಕಿ ಬರೆದಿಟ್ಟದ್ದರಿಂದ ಅವನ ಹೆಸರು ಇಂದು ನಮ್ಮ ತನಕ ಬಂತು. ಬರೆದಿಡದಿದ್ದರೆ 'ಯಾವನೋ ಒಬ್ಬ ಹುಡುಗ' ಅಂತ ಆಗುತ್ತಿತ್ತು.

ಇವತ್ತು ರಾತ್ರಿ ಫೋನಿಗೆ ಇಯರ್‌ಫೋನ್ ಹಾಕಿಕೊಂಡು ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ' ಹುಡುಕಿ ಕೇಳಿ. ಗಾಯಕನ ಮೇಲೆ ಗಮನ ಬೇಡ. ಶುರುವಿನಲ್ಲೇ ಬರುವ ಸ್ಟೀಲ್ ದನಿಯಲ್ಲಿ ಒಂದು ಸ್ವರ ನಿಂತಿರುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಅದು ಬಡ್ ಐಸಾಕ್ಸನ ಎಡಗಾಲು.

ಆಮೇಲೆ ನಿಮ್ಮೂರಿನ ಹಿರಿಯರೊಬ್ಬರನ್ನು ಕೇಳಿ: ನಮ್ಮೂರ ನಾಟಕಕ್ಕೆ ಪೇಟಿ ನುಡಿಸುತ್ತಿದ್ದವರು ಯಾರು? ಹೆಸರು ಸಿಕ್ಕರೆ ಒಂದು ಕಾಗದದಲ್ಲಿ ಬರೆದಿಡಿ. ನಮಗೂ ತಿಳಿಸಿ.